ಬುತ್ತಿ ಅರಿವಿಯ ತುದಿಗೆ ಚಿಟಿಕೆ ಉಪ್ಪು

ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಬೆಳಗಿನ ಐದು ಗಂಟೆ. ಚಹಾದಂಗಡಿಯವನು ಸ್ಟೋವಿಗೆ ಇನ್ನೂ ಪಂಪು ಹೊಡೆಯುತ್ತಿದ್ದಾನೆ. ಬೇವಿನ ಮರದ ಕಟ್ಟೆಯ ಮೇಲೆ ಅರವತ್ತನಾಲ್ಕು ಬುತ್ತಿ ಗಂಟುಗಳು ನಾಲ್ಕು ಸಾಲಾಗಿ ಕುಳಿತಿವೆ. ಅವುಗಳ ನಡುವೆ ಕೆಂಪು ಪಟಕಾ ಸುತ್ತಿದ ಐವತ್ತೈದರ ಮಾಳಿಂಗಣ್ಣ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಗಂಟನ್ನು ಮುಟ್ಟುತ್ತ, ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಾರೆ. ಯಾವ ಗಂಟಿನ ಮೇಲೂ ಹೆಸರಿಲ್ಲ, ಚೀಟಿಯಿಲ್ಲ. ಇದ್ದರೂ ಉಪಯೋಗವಿಲ್ಲ, ಮಾಳಿಂಗಣ್ಣನಿಗೆ ಓದಲು ಬರುವುದಿಲ್ಲ.

ಅವರು ಚಹಾ ತರಲು ಎದ್ದಾಗ ನನಗೊಂದು ಕಿಡಿಗೇಡಿತನ ಹೊಳೆಯುತ್ತದೆ. ಮೊದಲ ಸಾಲಿನ ಒಂದು ಗಂಟನ್ನು ಮೂರನೇ ಸಾಲಿಗೆ, ಅಲ್ಲಿಯದನ್ನು ಇಲ್ಲಿಗೆ ಬದಲಿಸಿ, ಏನೂ ಅರಿಯದವನಂತೆ ಕೂರುತ್ತೇನೆ. ಅವರು ಬಂದು, ಚಹಾದ ಕಪ್ಪು ನನ್ನ ಕೈಗಿತ್ತು, ನೇರ ಆ ಗಂಟಿಗೇ ಕೈ ಹಾಕುತ್ತಾರೆ.

"ಗೊಳಸಂಗಿ ಗಂಟ ಎದ್ದ ಹೋಗಿ ಯಂಕಂಚಿ ಸಾಲಿನ್ಯಾಗ ಕುಂತೈತಿ. ಪೇಪರಿನ ಮಂದಿಗೆ ಬ್ಯಾರೆ ಕೆಲಸ ಇಲ್ಲೇನ್ರಿ?"

ಹೇಗೆ ಗೊತ್ತಾಯಿತು ಎಂದರೆ ಮಾಳಿಂಗಣ್ಣನಿಗೆ ಆ ಪ್ರಶ್ನೆಯೇ ವಿಚಿತ್ರ. "ಕುರಿಗೆ ಹೆಸರ ಬರದಿರ್ತಾರೇನ್ರಿ? ಮಾರಿ ಇರ್ತೈತಿ. ಇವಕ್ಕೂ ಮಾರಿ ಅದಾವ. ಈ ಗಂಟ ಹಾಕಿದಾಕಿ ಎಡಗೈಯಾಕಿ. ಇದು ಅತ್ತಿ ಕಟ್ಟಿದ್ದು, ಬಿಗಿ. ಇದು ಸೊಸಿ ಕಟ್ಟಿದ್ದು, ಹೆಂಗೋ ಹೋಗ್ಲಿ ಅಂತ ಕಟ್ಟ್ಯಾಳ." ಹೀಗೆ ಹೇಳಿ ತಾವೇ ನಗುತ್ತಾರೆ.

ಘಟ್ಟದ ಕೆಳಗಿನ ಒಂದು ಬಂದರಿನಲ್ಲಿ ಚೀಲ ಹೊರುವ, ಕ್ರೇನಿಗೆ ಕೊಕ್ಕೆ ಹಾಕುವ, ಗೋದಾಮು ಗುಡಿಸುವ ನಮ್ಮ ಕಡೆಯವರು ನೂರಾರು ಮಂದಿ ಇದ್ದಾರೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಎಂದು ನಾಲ್ಕೂ ತಾಲ್ಲೂಕಿನ ಹಳ್ಳಿಯವರು. ಅಲ್ಲಿಯ ಅನ್ನ, ಮೀನಿನ ಸಾರು ಇವರ ಹೊಟ್ಟೆಗೆ ಒಗ್ಗುವುದಿಲ್ಲ. ಹಾಗಾಗಿ ಊರಿನಿಂದ ವಾರಕ್ಕೊಮ್ಮೆ ಕಡಕ್ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು ಹೋಗಬೇಕು. ಹಿಂದಿನ ದಿನದ ಬಸ್ಸುಗಳಲ್ಲಿ ಹಳ್ಳಿಗಳಿಂದ ಬಂದ ಗಂಟುಗಳನ್ನೆಲ್ಲ ಕೂಡಿಸಿ, ಗುರುವಾರ ಮತ್ತು ರವಿವಾರ ಬೆಳಗಿನ ಐದೂವರೆ ಬಸ್ಸಿಗೆ ಹೇರಿಕೊಂಡು, ಸಂಜೆ ನಾಲ್ಕೂವರೆಗೆ ಬಂದರು ಮುಟ್ಟಿಸಿ, ಮರುದಿನ ಬೆಳಿಗ್ಗೆ ಅದೇ ಬಸ್ಸಿಗೆ ಹಿಂದಿರುಗುವುದು ಮಾಳಿಂಗಣ್ಣನ ಕಸುಬು. ಒಂದು ಗಂಟಿಗೆ ಇಪ್ಪತ್ತು ರೊಟ್ಟಿ ಹಿಡಿದರೂ ಇವತ್ತಿನ ಸವಾರಿಯಲ್ಲಿ ಸಾವಿರದಿನ್ನೂರ ಎಂಬತ್ತು ರೊಟ್ಟಿ ಘಟ್ಟ ಇಳಿಯಲಿವೆ. ಹದಿಮೂರು ವರ್ಷದಿಂದ ಇದೇ ನಡೆದಿದೆ.

"ಈ ಗಾಡಿ ಸರ್ಕಾರದವರು ಬಿಟ್ಟಿದ್ದು ರೊಟ್ಟಿ ಸಲುವಾಗಿ ರೀ," ಎನ್ನುತ್ತಾರೆ ಕಂಡಕ್ಟರ್ ಬಂದಗಿಸಾಬ. "ಮಂದಿ ಸುಮ್ನ ನಡುವ ಹತ್ತಿ ಕುಂದರ್ತಾರ." ಏಣಿಯ ತುದಿಯಲ್ಲಿ ನಿಂತು ಗಂಟುಗಳನ್ನು ಮೇಲಕ್ಕೆ ತೆಗೆದುಕೊಳ್ಳುವವರು ಸ್ವತಃ ಅವರೇ. ಟಿಕೀಟು ಹರಿಯುವುದು ಆಮೇಲೆ.

ಮಾಳಿಂಗಣ್ಣ ಗೊಳಸಂಗಿ ಹತ್ತಿರದ ಕುರಿಗಾರರ ಮನೆತನದವರು. ಆಣೆಕಟ್ಟಿನ ಹಿನ್ನೀರು ಏರಿ ಹೊಳೆಸಾಲಿನ ಹುಲ್ಲು ನೀರಿನಡಿ ಹೋದಾಗ ನೂರಿಪ್ಪತ್ತು ಕುರಿ ಮಾರಿ ಬಂದರಿಗೆ ಚೀಲ ಹೊರಲು ಹೋದರು. ನಾಲ್ಕು ವರ್ಷಕ್ಕೆ ಸೊಂಟ ಕೈಕೊಟ್ಟಿತು. ಹಿಂದಿರುಗಿ ಬಂದವರು, ಅಲ್ಲೇ ಉಳಿದಿದ್ದ ತಮ್ಮನಿಗೆ ರೊಟ್ಟಿ ಒಯ್ಯತೊಡಗಿದರು. ನಮ್ಮದೂ ಒಂದು ಒಯ್ಯೋ, ನಮ್ಮದೂ ಒಂದು ಎಂದು ನೆರೆಯವರು ಗಂಟು ತಂದಿಟ್ಟರು. ಇದು ೧೯೯೩ರ ಮಾತು. ತಮ್ಮ ಈಗ ಊರಿಗೆ ಬಂದು ಹೋಟೆಲ್ ಇಟ್ಟಿದ್ದಾನೆ, ಅಣ್ಣನ ಸವಾರಿ ಮಾತ್ರ ನಿಂತಿಲ್ಲ.

ಈ ಕಸುಬಿಗೆ ಒಂದು ರೂಢಿ ಇದೆ. ಬುತ್ತಿ ಕಟ್ಟಿದ ಬಟ್ಟೆಗೆ ನಮ್ಮಲ್ಲಿ ಅರಿವಿ ಎನ್ನುತ್ತಾರೆ. ಬಂದರಿನವನು ರೊಟ್ಟಿಯನ್ನು ತನ್ನ ಡಬ್ಬಿಗೆ ಹಾಕಿಕೊಂಡು, ಬೆಳಿಗ್ಗೆ ಬಸ್ಸು ಬಿಡುವ ಮೊದಲು ಅರಿವಿಯನ್ನು ಮಾಳಿಂಗಣ್ಣನ ಕೈಗೆ ಕೊಡಬೇಕು. ಆದರೆ ಬುತ್ತಿ ಬಂದ ಅರಿವಿ ಬರಿದಾಗಿ ಮನೆಗೆ ಹೋಗಬಾರದು. ಬಂದರಿನವನ ಬಳಿ ಕಳಿಸಲು ಏನಿರುತ್ತದೆ? ಸಮುದ್ರದ ದಂಡೆಯಲ್ಲಿ ಧಾರಾಳ ಇರುವುದು ಉಪ್ಪು. ಅರಿವಿಯ ತುದಿಗೆ ಒಂದು ಚಿಟಿಕೆ ಹರಳುಪ್ಪು ಕಟ್ಟಿ ಕಳಿಸುತ್ತಾರೆ. ಊರಿನಲ್ಲಿ ತಾಯಿ ಅರಿವಿ ಕೈಗೆ ಬಂದ ಕೂಡಲೇ ಮೊದಲು ತುದಿ ಹಿಸುಕಿ ನೋಡುತ್ತಾಳೆ. ಹರಳು ಸಿಕ್ಕಿತೋ, ಮಗ ಉಂಡಿದ್ದಾನೆ, ಸುಖವಾಗಿದ್ದಾನೆ. ಹೀಗೆಂದು ಯಾರೂ ಕೂತು ನಿಯಮ ಮಾಡಿದ್ದಲ್ಲ. ಬಳಸುತ್ತ ಬಳಸುತ್ತ ಉಪ್ಪಿಗೆ ಆ ಅರ್ಥ ಬಂದಿದೆ.

"ನಮ್ಮ ಮನ್ಯಾಗ ಉಪ್ಪಿನ ಡಬ್ಬಿ ಎಲ್ಲೈತಿ ಅಂತ ಇವರಿಗೆ ಗೊತ್ತಿಲ್ಲ," ಎಂದು ನಿಲ್ದಾಣದವರೆಗೆ ಗಂಟು ಹೊತ್ತು ತಂದಿದ್ದ ಹೆಂಡತಿ ಶೇವಂತೆವ್ವ ದೂರುತ್ತಾರೆ. "ಯಾರ ಅರಿವಿಗೆ ಎಷ್ಟ ಹರಳ ಉಪ್ಪ ಬಂದೈತಿ ಅಂತ ಕೇಳ್ರಿ, ಎಲ್ಲಾ ಹೇಳ್ತಾರ."

ಮಾಳಿಂಗಣ್ಣ ನಗುತ್ತಾರೆ. ಆದರೆ ಅರವತ್ತನಾಲ್ಕರಲ್ಲಿ ಒಂದು ಗಂಟು, ಹಸಿರು ಇಳಕಲ್ ಸೀರೆಯ ತುಂಡಿನದು, ಸಾಲಿನಲ್ಲಿಲ್ಲ. ಅದನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ. ಬಸ್ಸಿನಲ್ಲೂ ಅದು ಮೇಲೆ ಹೋಗುವುದಿಲ್ಲ. ಯಾಕೆಂದು ಕೇಳಿದರೆ, "ಇದೊಂದರ ಅರಿವಿ ಬರಿದ ಹೋಗ್ತೈತ್ರಿ," ಎಂದಷ್ಟೇ ಹೇಳಿ ಕಿಟಕಿಯ ಹೊರಗೆ ನೋಡುತ್ತಾರೆ. ಬಸ್ಸು ಬಾಗಲಕೋಟೆ ದಾಟುತ್ತದೆ.

ಬಂದರಿನ ಗೇಟಿನ ಬಳಿ ಒಂದು ಉದ್ದನೆಯ ಹೊಸ ಗೋಡೆ ಇದೆ. ಸಂಜೆ ಗಂಟುಗಳನ್ನು ಅದರ ಬುಡದಲ್ಲಿ ಸಾಲಾಗಿ ಇಟ್ಟು ಮಾಳಿಂಗಣ್ಣ ಕೂರುತ್ತಾರೆ. ಪಾಳಿ ಮುಗಿಸಿದವರು ಒಬ್ಬೊಬ್ಬರೇ ಬಂದು, ಹೆಸರು ಹೇಳದೆ, ಕೇಳದೆ ತಮ್ಮ ಮನೆಯ ಗಂಟು ಎತ್ತಿಕೊಳ್ಳುತ್ತಾರೆ. ಹಸಿರು ಗಂಟು ತೆಗೆದುಕೊಳ್ಳಲು ಬರುವವನು ಅನಿಲ. ಇಂಡಿ ತಾಲ್ಲೂಕಿನವನು, ತಂದೆತಾಯಿ ಕಾಣದೆ ಮಠದ ಪ್ರಸಾದ ಉಂಡು ಬೆಳೆದವನು, ಈಗ ಇಪ್ಪತ್ತೇಳರ ಕ್ರೇನ್ ಕೆಲಸಗಾರ. ಅವನು ಅಲ್ಲೇ ಕೂತು ರೊಟ್ಟಿ ಮುರಿಯುತ್ತಿರುವಾಗ ನಾನು ಗೋಡೆಯ ಬಗ್ಗೆ ಕೇಳುತ್ತೇನೆ. ಮಾಳಿಂಗಣ್ಣ ಈ ಸಲ ಮಾತು ತಪ್ಪಿಸುವುದಿಲ್ಲ.

ಹಳೆಯ ಗೋಡೆ ಏಳು ವರ್ಷದ ಹಿಂದೆ, ೧೯೯೯ರಲ್ಲಿ, ಒಂದು ಮಂಗಳವಾರ ಮಧ್ಯಾಹ್ನ ಹಾರಿಹೋಯಿತು. ರಸಗೊಬ್ಬರ ಮತ್ತು ರಾಸಾಯನಿಕದ ಚೀಲಗಳನ್ನು ಒಂದೇ ಗೋದಾಮಿನಲ್ಲಿ ಒಟ್ಟಿದ್ದರು. ಪಕ್ಕದಲ್ಲಿ ಯಾರೋ ಗ್ಯಾಸಿನ ಬೆಂಕಿಯಿಂದ ಕಬ್ಬಿಣ ಕೊಯ್ಯುತ್ತಿದ್ದರು. ಮೊದಲು ಹೊಗೆ, ಆಮೇಲೆ ಆ ಸದ್ದು. ಮೂವತ್ತೊಂದು ಮಂದಿ ಸತ್ತರು. ಪ್ರಕರಣ ಇನ್ನೂ ಕೋರ್ಟಿನಲ್ಲಿರುವುದರಿಂದ ಬಂದರಿನ ಹೆಸರು, ಗೋದಾಮಿನ ಮಾಲೀಕರ ಹೆಸರು ನಾನಿಲ್ಲಿ ಬರೆಯುವುದಿಲ್ಲ.

ಸಂಜೆಯ ರೇಡಿಯೋದಲ್ಲಿ ಸುದ್ದಿ ಬಂತು. ಬಂದರಿನ ಫೋನುಗಳೆಲ್ಲ ಸತ್ತಿದ್ದವು. ಬುಧವಾರ ಬಂದ ಮೊದಲ ಪಟ್ಟಿ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಗುತ್ತೇದಾರರ ಪುಸ್ತಕದಲ್ಲಿ ನಮ್ಮ ಕಡೆಯವರೆಲ್ಲರ ಅಡ್ಡಹೆಸರೂ 'ಬಿಜಾಪುರ' ಎಂದೇ ಇತ್ತು. ಗಾಯಗೊಂಡವರಲ್ಲಿ 'ಬಸಪ್ಪ ಬಿಜಾಪುರ' ಮೂವರು, ಸತ್ತವರಲ್ಲಿ ಒಬ್ಬ. ಯಾವ ಊರಿನ ಬಸಪ್ಪ, ಯಾರ ಮಗ?

"ಗುರುವಾರ ಮುಂಜಾನೆ ನಾ ಬಸ್‌ಸ್ಟ್ಯಾಂಡಿಗೆ ಹೋದ್ರ, ಎಂಬತ್ಮೂರ ಗಂಟ," ಎನ್ನುತ್ತಾರೆ ಮಾಳಿಂಗಣ್ಣ. "ಹಿಂದೆಂದೂ ಅಷ್ಟ ಬಂದಿದ್ದಿಲ್ಲ. ರವಿವಾರ ಬುತ್ತಿ ಕಳಸಾವರೂ ಅವತ್ತ ಕಟ್ಟಿದ್ರು. ಒಬ್ಬಾಕಿ ಅಂದ್ಲು, ರೊಟ್ಟಿ ಬಡದೀನಿ ಅಂದ್ರ ಉಣ್ಣಾವ ಇದ್ದ ಇರ್ತಾನ, ಒಯ್ಯಿ. ನಾ ಏನ ಅನ್ಲಿ? ಒಯ್ದೆ."

ಪೊಲೀಸರು ಒಳಗೆ ಬಿಡಲಿಲ್ಲ. ಮುರಿದ ಗೋಡೆಯ ಎದುರು, ರಸ್ತೆಯ ಬದಿಗೆ, ಎಂಬತ್ಮೂರು ಗಂಟುಗಳನ್ನು ಸಾಲಾಗಿ ಇಟ್ಟು ಕುಳಿತರು. ತಲೆಯ ಮೇಲೆ ಬೂದಿ ಹೊತ್ತ ಜನ ಬರತೊಡಗಿದರು. ಸುಮ್ಮನೆ ಬಗ್ಗಿ ತಮ್ಮ ಗಂಟು ಎತ್ತಿಕೊಂಡು, ಅದನ್ನು ಎದೆಗೆ ಹಿಡಿದು ಅಲ್ಲೇ ಕುಸಿದು ಕೂರುತ್ತಿದ್ದರು. ಎದುರಿನ ಶಾಲೆಯಲ್ಲಿ ಪಟ್ಟಿ ಮಾಡುತ್ತಿದ್ದ ಅಧಿಕಾರಿಯೊಬ್ಬರು ಇದನ್ನು ನೋಡಿ ತಮ್ಮ ಕುರ್ಚಿಯನ್ನು ಮಾಳಿಂಗಣ್ಣನ ಪಕ್ಕಕ್ಕೇ ತಂದುಹಾಕಿಕೊಂಡರು. ಒಂದೊಂದು ಗಂಟು ಎದ್ದಾಗಲೂ ಇವರು ಹೇಳುವುದು, ಅವರು ಬರೆದುಕೊಳ್ಳುವುದು: ಮಗನ ಹೆಸರು, ತಾಯಿಯ ಹೆಸರು, ಊರು. ಹೀಗೆ ಐವತ್ತೆಂಟು ಮಂದಿ ಬದುಕಿದ್ದು ಸರ್ಕಾರಕ್ಕೆ ತಿಳಿಯಿತು.

ಉಳಿದವನ್ನು ಹೊತ್ತು ಆಸ್ಪತ್ರೆಯ ವಾರ್ಡುಗಳಿಗೆ ಹೋದರು. ಕಣ್ಣಿಗೆ ಪಟ್ಟಿ ಕಟ್ಟಿದ್ದ ಒಬ್ಬನ ಕೈಗೆ ಒಂದೊಂದೇ ಗಂಟು ಕೊಡುತ್ತ ಬಂದರು. ಮೂರನೆಯದನ್ನು ಅವನು ಬಿಡಲಿಲ್ಲ. "ನಮ್ಮವ್ವಂದು," ಎಂದ. ಅದನ್ನು ನೆನೆದಾಗ ಈಗಲೂ ಮಾಳಿಂಗಣ್ಣನ ಮುಖ ಅರಳುತ್ತದೆ. ಆಸ್ಪತ್ರೆಯಲ್ಲಿ ಇಪ್ಪತ್ತು ಗಂಟು ಖರ್ಚಾದವು. ಶುಕ್ರವಾರ ಸಂಜೆಗೆ ಉಳಿದದ್ದು ಐದು.

ನಾಲ್ವರ ಸಾವಿನ ಸುದ್ದಿ ಅಷ್ಟರಲ್ಲಿ ಅವರವರ ಊರು ಮುಟ್ಟಿತ್ತು. ಐದನೆಯವನು ಯಂಕಂಚಿಯ ಗುರವ್ವನ ಮಗ ಸಂಗಮೇಶ, ಇಪ್ಪತ್ನಾಲ್ಕರವನು. ದೇಹವನ್ನು ಗುರುತು ಹಿಡಿದವರು ಮಾಳಿಂಗಣ್ಣನೇ. "ಪೊಲೀಸರ ಬಾಯಿಂದ ಆಕಿಗೆ ತಿಳಿಯೂದು ಬ್ಯಾಡ, ನಾನ ಹೋಗಿ ಹೇಳ್ತೇನಿ ಅಂತ ಸಾಹೇಬ್ರಿಗೆ ಕೈ ಮುಗದ ಹೇಳಿದ್ನಿರಿ," ಎನ್ನುತ್ತಾರೆ. ಐದು ಗಂಟಿನ ರೊಟ್ಟಿಯನ್ನು ವಾರ್ಡಿನಲ್ಲಿ ಯಾರೂ ಇಲ್ಲದವರಿಗೆ ಹಂಚಿ, ಶನಿವಾರ ಬೆಳಿಗ್ಗೆ ಎಂಬತ್ಮೂರು ಅರಿವಿಯೊಂದಿಗೆ ಬಸ್ಸು ಹತ್ತಿದರು.

ಬದುಕಿದವರು ಆ ಗಾಬರಿಯಲ್ಲಿ ಅರಿವಿಯನ್ನು ಹಾಗೇ ಕೊಟ್ಟಿದ್ದರು. ಯಾರ ತುದಿಯಲ್ಲೂ ಉಪ್ಪಿರಲಿಲ್ಲ. ತಾಯಂದಿರು ಏನೆಂದುಕೊಂಡಾರು? ಮಾಳಿಂಗಣ್ಣ ಒಂದು ಚೀಲ ಉಪ್ಪು ತುಂಬಿಕೊಂಡು, ಬಸ್ಸಿನಲ್ಲಿ ಕೂತು ಒಂದೊಂದೇ ಅರಿವಿಗೆ ಚಿಟಿಕೆ ಹಾಕಿ ಕಟ್ಟುತ್ತ ಬಂದರು. ಎರಡು ದಿನ ನಿದ್ದೆಯಿಲ್ಲ, ಕಣ್ಣು ಕಿಟಕಿಯ ಹೊರಗೆ, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಸತ್ತವರ ಐದು ಅರಿವಿಗಳನ್ನು ಬೇರೆ ಚೀಲದಲ್ಲಿ ಇಟ್ಟಿದ್ದರು. ಅವು ಯಾವಾಗ ಕೈಗೆ ಬಂದವು, ಯಾವಾಗ ಉಪ್ಪು ಕಟ್ಟಿ ಮತ್ತೆ ಚೀಲಕ್ಕೆ ಇಟ್ಟರು ಎಂಬುದು ಅವರಿಗೆ ಇವತ್ತಿಗೂ ನೆನಪಿಲ್ಲ.

"ಅರಿವಿ ಬರಿದ ಹೋಗಬಾರ್ದು ಅನ್ನೂದು ಒಂದ ತಲ್ಯಾಗ ಇತ್ತು ನೋಡ್ರಿ. ಸತ್ತಾವರದ ಅಂತ ಕೈಗೆ ತಿಳೀಲಿಲ್ಲ."

ಮುದ್ದೇಬಿಹಾಳದ ನಿಲ್ದಾಣದಲ್ಲಿ ಅಂದು ಸಂಜೆ ಹೆಂಗಸರು ಬಸ್ಸಿಗೆ ಮುತ್ತಿದರು. ಆ ನೂಕುನುಗ್ಗಲಿನಲ್ಲಿ ಗುರವ್ವ ತನ್ನ ಹಸಿರು ಅರಿವಿಯನ್ನು ಚೀಲದ ಬಾಯಲ್ಲಿ ಕಂಡು ತಾನೇ ಎಳೆದುಕೊಂಡಳು. ತುದಿ ಹಿಸುಕಿದಳು. ಹರಳು ಸಿಕ್ಕಿತು. ಯಾರೊಂದಿಗೂ ಮಾತಾಡದೆ ತಾಳಿಕೋಟೆ ಬಸ್ಸಿಗೆ ಓಡಿದಳು. ಜನ ಕರಗಿದ ಮೇಲೆ ಮಾಳಿಂಗಣ್ಣ ಚೀಲ ನೋಡಿದರೆ ಐದರ ಬದಲು ನಾಲ್ಕು ಅರಿವಿ. ಉಳಿದ ನಾಲ್ಕರ ತುದಿ ಮುಟ್ಟಿ ನೋಡಿದಾಗ, ತಾನು ಮಾಡಿದ್ದೇನು ಎಂದು ಗೊತ್ತಾಯಿತು.

ಮರುದಿನ ರವಿವಾರ. ಹದಿಮೂರು ವರ್ಷದಲ್ಲಿ ಬುತ್ತಿ ಸವಾರಿ ತಪ್ಪಿದ್ದು ಅದೊಂದೇ ರವಿವಾರ. ಮೊದಲ ಬಸ್ಸಿಗೇ ಅವರು ಯಂಕಂಚಿಗೆ ಹೋದರು. ಗುರವ್ವ ಓಣಿಯವರಿಗೆ ಸಕ್ಕರೆ ಹಂಚುತ್ತಿದ್ದಳು.

"'ಬಾ ತಮ್ಮಾ, ಬಾಯಿ ಸೀ ಮಾಡ್ಕೋ' ಅಂತ ನನ್ನ ಕೈಯಾಗೂ ಸಕ್ಕರಿ ಹಾಕಿದ್ಲು. ಆ ಸಕ್ಕರಿ ಹಿಡ್ಕೊಂಡ ಹೇಳಿದ್ನಿರಿ. 'ಮತ್ತ ಉಪ್ಪ?' ಅಂದ್ಲು. 'ನಾ ಕಟ್ಟಿದ್ದು, ಅಕ್ಕಾ' ಅಂದೆ. ಆಕಿ ಬೈಲಿಲ್ಲ. 'ಆ ಉಪ್ಪ ಹಾಕಿ ರಾತ್ರಿ ಸಾರ ಮಾಡಿ ಎಲ್ಲಾರೂ ಉಂಡ್ವಿ' ಅಂದ್ಲು. ಅಷ್ಟ ಅಂದ ಒಳಗ ಹೋದ್ಲು."

ಮಾಳಿಂಗಣ್ಣ ಗೋಡೆಗೆ ಒರಗುತ್ತಾರೆ. ಅನಿಲ ರೊಟ್ಟಿ ಮುರಿಯುವುದನ್ನು ಯಾವಾಗಲೋ ನಿಲ್ಲಿಸಿದ್ದಾನೆ.

ಎರಡು ವರ್ಷ ಗುರವ್ವ ಇತ್ತ ಸುಳಿಯಲಿಲ್ಲ. ೨೦೦೧ರಲ್ಲಿ ಒಂದು ಗುರುವಾರ ಬೆಳಿಗ್ಗೆ, ಅದೇ ಹಸಿರು ಅರಿವಿಯಲ್ಲಿ ರೊಟ್ಟಿ ಕಟ್ಟಿಕೊಂಡು ಬೇವಿನ ಕಟ್ಟೆಗೆ ಬಂದಳು. ಊರಿಂದ ಬುತ್ತಿ ಬಾರದವನು ಯಾವನಾದರೂ ಅಲ್ಲಿದ್ದಾನೇನು ಎಂದು ಕೇಳಿದಳು. ಇದ್ದಾನೆ ಎಂದರು ಇವರು. "ಅವಗ ಕೊಡು. ಅರಿವಿ ಬರಿದ ತಂದ ಕೊಡು. ಉಪ್ಪ ಕಟ್ಟಿ ತಂದ್ಯೋ, ಮತ್ತ ನಿನ್ನ ಕೈಯಾಗ ನಾ ಬುತ್ತಿ ಕೊಡಾಂಗಿಲ್ಲ ನೋಡು." ಅಂದಿನಿಂದ ಐದು ವರ್ಷ, ವಾರ ತಪ್ಪದೆ, ಅವಳ ರೊಟ್ಟಿ ಅನಿಲನ ಹೊಟ್ಟೆಗೆ ಹೋಗಿದೆ. ಅರಿವಿಗೆ ಏನೂ ಕಟ್ಟಬಾರದೆಂದು ಮಾಳಿಂಗಣ್ಣ ಅವನಿಗೆ ಮೊದಲೇ ತಾಕೀತು ಮಾಡಿದ್ದರು. ಯಾಕೆಂದು ಅವನು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ.

"ಉಪ್ಪ ತಿಂದಾವ ನೀರ ಕುಡೀಬೇಕ್ರಿ," ಎನ್ನುತ್ತಾರೆ. "ನಾ ಕಟ್ಟೀನಿ, ನಾ ಕುಡೀತೇನಿ. ಆಕಿ ಬುತ್ತಿ ಕೊಡಾಕತ್ತಾಳಲ್ಲ, ಅಷ್ಟ ಸಾಕ ನನಗ. ಆದ್ರ ಅರವತ್ಮೂರ ತುದಿ ಗಟ್ಟಿ ಇದ್ದು, ಒಂದ ಮೆತ್ತಗ ಹತ್ತತೈತಲ್ಲ, ಕೈಗೆ ಒಂಥರಾ ಆಗ್ತೈತಿ."

ಶುಕ್ರವಾರ ಬೆಳಿಗ್ಗೆ ಅರಿವಿಗಳು ಒಂದೊಂದಾಗಿ ಬರುತ್ತವೆ. ಕೊನೆಗೆ ಅನಿಲ. ಹಸಿರು ಅರಿವಿಯನ್ನು ಒಗೆದು ಒಣಗಿಸಿ ಮಡಿಸಿದ್ದಾನೆ. ಮಾಳಿಂಗಣ್ಣ ಅಭ್ಯಾಸದಂತೆ ತುದಿ ಮುಟ್ಟುತ್ತಾರೆ, ಮುಟ್ಟಿದ ಕೈ ಹಾಗೇ ನಿಲ್ಲುತ್ತದೆ. ತುದಿಯಲ್ಲಿ ಗಟ್ಟಿ ಗಂಟು.

"ಬಿಚ್ಚಬ್ಯಾಡ ಕಾಕಾ," ಎನ್ನುತ್ತಾನೆ ಅನಿಲ. "ನಾ ಕಟ್ಟೀನಿ."

"ಹುಚ್ಚಪ್ಪಾ, ಆಕಿ ಬುತ್ತಿ ನಿಂದರಸ್ತಾಳೋ."

"ನಿಂದರಸಿದ್ರ ಉಪವಾಸ ಇರ್ತೇನಿ. ಐದ ವರ್ಷ ಉಂಡೀನಿ. ಉಂಡಾವ ನಾ, ಕಟ್ಟಾವನೂ ನಾ."

ಬಸ್ಸು ಘಟ್ಟ ಹತ್ತುತ್ತದೆ. ಹಸಿರು ಅರಿವಿ ಮಾಳಿಂಗಣ್ಣನ ತೊಡೆಯ ಮೇಲಿದೆ. ಎರಡು ಸಲ ಬೆರಳು ಆ ಗಂಟಿಗೆ ಹೋಗುತ್ತದೆ, ಎರಡು ಸಲವೂ ಹಿಂದೆ ಬರುತ್ತದೆ. ಬಿಚ್ಚಿದರೆ ಅನಿಲನಿಗೆ ಮೋಸ, ಬಿಚ್ಚದಿದ್ದರೆ ಗುರವ್ವನಿಗೆ ಕೊಟ್ಟ ಮಾತು ತಪ್ಪುತ್ತದೆ. ಬಂದಗಿಸಾಬ ಏನೋ ಚೇಷ್ಟೆ ಮಾಡಲು ಬಂದವರು ಮುಖ ನೋಡಿ ಸುಮ್ಮನೆ ಮುಂದೆ ಹೋಗುತ್ತಾರೆ. ನಾನು ಕೇಳದೆ ಇರಲಾರದೆ ಕೇಳುತ್ತೇನೆ: ಏನು ಮಾಡುತ್ತೀರಿ? "ಆವತ್ತ ಹೇಳೂಕಿಂತ ಮೊದಲ ಅರಿವಿ ಹೋತು. ಇವತ್ತ ಮೊದಲ ಹೇಳ್ತೇನ್ರಿ. ಆಮ್ಯಾಲೆ ಆಕಿ ಮರ್ಜಿ."

ಸಂಜೆ ಐದು ಗಂಟೆ. ಮುದ್ದೇಬಿಹಾಳದಲ್ಲಿ ಇನ್ನೂ ಚೆನ್ನಾಗಿ ಬಿಸಿಲಿದೆ. ಕಟ್ಟೆಯ ಸುತ್ತ ಹೆಂಗಸರು ಅರಿವಿ ತೆಗೆದುಕೊಂಡು, ತುದಿ ಹಿಸುಕಿ, ನಗುತ್ತ ಚದುರುತ್ತಾರೆ. ಯಂಕಂಚಿಯಿಂದ ಬಂದ ಗುರವ್ವ ಎಂದಿನಂತೆ ಕೊನೆಗೆ ನಿಂತಿದ್ದಾರೆ. ಅರವತ್ತು ದಾಟಿದ ಗಟ್ಟಿ ಹೆಂಗಸು, ಕಂಕುಳಲ್ಲಿ ಸಂತೆಯ ಚೀಲ. ಕೈ ಚಾಚುತ್ತಾರೆ. ಮಾಳಿಂಗಣ್ಣ ಅರಿವಿಯನ್ನು ಕೊಡದೆ ಎದೆಗೆ ಹಿಡಿದುಕೊಳ್ಳುತ್ತಾರೆ.

"ಅಕ್ಕಾ, ಮೊದಲ ಕೇಳು. ತುದಿಗೆ ಉಪ್ಪೈತಿ. ನಾ ಕಟ್ಟಿದ್ದಲ್ಲ."

ಚಾಚಿದ ಕೈ ಅಲ್ಲೇ ಇದೆ. "ಮತ್ತ್ಯಾರ ಕಟ್ಟ್ಯಾರ?"

"ಉಂಡಾವ ಕಟ್ಟ್ಯಾನ."

ಗುರವ್ವ ಅರಿವಿಯನ್ನು ತೆಗೆದುಕೊಂಡು ತುದಿಯನ್ನು ಬೆರಳಲ್ಲಿ ಹಿಸುಕುತ್ತಾರೆ. ಮತ್ತೊಮ್ಮೆ ಹಿಸುಕುತ್ತಾರೆ. ಕಣ್ಣು ತುಂಬುತ್ತದೆ, ಅದನ್ನು ಮುಚ್ಚಿಡುವ ಗೊಡವೆಗೆ ಅವರು ಹೋಗುವುದಿಲ್ಲ. ಗಂಟು ಬಿಚ್ಚಿ ಒಂದು ಹರಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡು, ಉಳಿದದ್ದನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾರೆ.

"ಅವಗ ಗುರೆಳ್ಳ ಹಿಂಡಿ ಸೇರತೈತೋ, ಶೇಂಗಾದ್ದ ಸೇರತೈತೋ?" ಎಂದು ಕೇಳುತ್ತಾರೆ. ಐದು ವರ್ಷದಲ್ಲಿ ಇದೇ ಮೊದಲ ಸಲ ಅವರು ಅನಿಲನ ಬಗ್ಗೆ ಏನನ್ನಾದರೂ ಕೇಳಿದ್ದು.

"ಗುರೆಳ್ಳದ್ದು, ಅಕ್ಕಾ."

"ಹಂಗಾರ ಬರೂ ವಾರ ಅದನ್ನ ಹೆಚ್ಚ ಕಟ್ಟತೇನಿ," ಎಂದು ಗುರವ್ವ ತಾಳಿಕೋಟೆ ಬಸ್ಸಿನತ್ತ ನಡೆಯುತ್ತಾರೆ. ಈ ಸಲ ಓಡುವುದಿಲ್ಲ.

ಖಾಲಿ ಚೀಲವನ್ನು ಕೊಡವಿ ಮಡಿಸುತ್ತ ಮಾಳಿಂಗಣ್ಣ ನನ್ನತ್ತ ತಿರುಗುತ್ತಾರೆ. ಪೇಪರಿನಲ್ಲಿ ಏನು ಬರೆಯಲಿ, ನಿಮಗೇನಾದರೂ ಆಸೆ ಇದೆಯೇ ಎಂದು ಬಸ್ಸಿನಲ್ಲಿ ನಾನು ಕೇಳಿದ್ದನ್ನು ಅವರು ಮರೆತೇಬಿಟ್ಟಿದ್ದಾರೆ. ಕಟ್ಟೆಯ ಮೇಲೆ ಬಿದ್ದ ಒಂದೆರಡು ಹರಳನ್ನು ಆಯ್ದು ಜೇಬಿಗೆ ಹಾಕಿಕೊಳ್ಳುತ್ತಾರೆ.

"ಇವತ್ತ ಒಂದೂ ಅರಿವಿ ಬರಿದ ಹೋಗ್ಲಿಲ್ಲ ನೋಡ್ರಿ," ಎನ್ನುತ್ತಾರೆ.